ಕಳೆದ ಕಾಲಕ್ಕಾಗಿ ಕಾದಾಟ

ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿಕೊಂಡಾಗ, ಹತ್ತನೆಯ ತರಗತಿಯ ಚರಿತ್ರೆಯ ಪಾಠದಲ್ಲಿ ಎದ್ದ ಒಂದು ಪ್ರಶ್ನೆಯು ನಮ್ಮ ನೆನಪಿಗೆ ಬಂತು. ಒಬ್ಬ ಹುಡುಗಿಯು ಎದ್ದು ನಿಂತು, “ಕಳೆದ ಕಾಲಕ್ಕೆ ಹೋಗುವ ಯಂತ್ರವೊಂದು ನಮಗೆ ಸಿಕ್ಕಿದರೆ ಮೊದಲು ಯಾವದನ್ನು ತಿದ್ದಬೇಕು, ಟೀಚರ್?” ಎಂದು ಕೇಳಿದಳು. ನಾವು ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆಯಿಸಿದೆವು. ಒಬ್ಬಳು ಮಹಾಯುದ್ಧಗಳನ್ನು ತಡೆಯುವೆನೆಂದಳು. ಒಬ್ಬಳು ತೀರಿಹೋದ ಅಜ್ಜಿಯನ್ನು ಉಳಿಸಿಕೊಳ್ಳುವೆನೆಂದಳು. ಮತ್ತೊಬ್ಬಳು ಗಣಿತದ ಉತ್ತರಪತ್ರಿಕೆಯನ್ನು ತಿದ್ದುವೆನೆಂದಾಗ ತರಗತಿಯೆಲ್ಲಾ ನಕ್ಕಿತು. ಆಗ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು: “ನೀನು ತಿದ್ದಿದ್ದನ್ನು ನಾನು ಹೋಗಿ ಮೊದಲಿನಂತೆ ಮಾಡಿಬಿಟ್ಟರೆ?” ನಗು ನಿಂತಿತು. ಈ ಎರಡನೆಯ ಪ್ರಶ್ನೆಯೇ ನಮ್ಮ ಇಂದಿನ ಪಾಠ.

ಕಾಲದಲ್ಲಿ ಪ್ರಯಾಣ ಮಾಡುವ ಕಥೆಗಳು ಇಂಗ್ಲಿಷಿನಲ್ಲಿ ಅನೇಕವಿವೆ. ಎಚ್. ಜಿ. ವೆಲ್ಸರ ‘ದಿ ಟೈಮ್ ಮಷೀನ್’ 1895ರಲ್ಲಿ ಪ್ರಕಟವಾಯಿತು. ಅದರ ಯಾತ್ರಿಕನು ಮುಂದಿನ ಕಾಲಕ್ಕೆ ಹೋಗಿ ನೋಡಿ ಬರುವನಲ್ಲದೆ ಹಿಂದಿನದನ್ನು ಮುಟ್ಟುವದಿಲ್ಲ. ಹಿಂದಿನದನ್ನು ಮುಟ್ಟಬಹುದೋ ಬಾರದೋ ಎಂಬ ವಿವಾದವನ್ನು ಅದಕ್ಕೂ ಮುಂಚೆ, 1881ರಲ್ಲಿಯೇ, ಬೋಸ್ಟನ್ ಪಟ್ಟಣದ ಸಭಾಪಾಲಕರಾಗಿದ್ದ ಎಡ್ವರ್ಡ್ ಎವರೆಟ್ ಹೇಲ್ ಎಂಬವರು ‘ಹ್ಯಾಂಡ್ಸ್ ಆಫ್’, ಅಂದರೆ ‘ಕೈ ಹಾಕಬೇಡ’, ಎಂಬ ಸಣ್ಣ ಕಥೆಯಲ್ಲಿ ಬರೆದರು.

ಅವರು ಆರಿಸಿಕೊಂಡದ್ದು ಯೋಸೇಫನ ವೃತ್ತಾಂತವನ್ನು. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಯೋಸೇಫನನ್ನು ವರ್ತಕರಿಗೆ ಮಾರಿದರು. ಅವನು ಐಗುಪ್ತದಲ್ಲಿ ದಾಸನಾಗಿ, ಸೆರೆಮನೆಯನ್ನು ಸೇರಿ, ಕಡೆಗೆ ಅರಸನ ಮಂತ್ರಿಯಾಗಿ ಧಾನ್ಯವನ್ನು ಕೂಡಿಸಿಟ್ಟು, ಬರಗಾಲದಲ್ಲಿ ಆ ದೇಶವನ್ನೂ ತನ್ನನ್ನು ಮಾರಿದ ಅಣ್ಣಂದಿರನ್ನೂ ಉಳಿಸಿದನು. ಹೇಲರ ಕಥೆಯನ್ನು ಹೇಳುವಾತನು ದೇಹವನ್ನು ಬಿಟ್ಟ ಆತ್ಮ. ವರ್ತಕರ ಬಿಡಾರದಿಂದ ಬಾಲಕನು ರಾತ್ರಿಯಲ್ಲಿ ತಪ್ಪಿಸಿಕೊಳ್ಳಲು ಯತ್ನಿಸುವದನ್ನು ಅವನು ನೋಡುತ್ತಾನೆ. ಒಂದು ನಾಯಿ ಬೊಗಳಿದರೆ ಕೆಲಸ ಕೆಟ್ಟಿತು. ಆ ನಾಯಿಯನ್ನು ಕೊಲ್ಲಲು ಅವನಿಗೆ ಮನಸ್ಸು. ಕೈ ಹಾಕಬೇಡವೆಂದು ಅವನ ಮಾರ್ಗದರ್ಶಿಯ ಮಾತು. ಕಡೆಗೆ ಈ ಲೋಕದಂತೆಯೇ ಇರುವ ಮತ್ತೊಂದು ಲೋಕದಲ್ಲಿ ಪರೀಕ್ಷಿಸಿ ನೋಡಲು ಅಪ್ಪಣೆಯಾಗುತ್ತದೆ. ನಾಯಿ ಸಾಯುತ್ತದೆ, ಯೋಸೇಫನು ತಂದೆಯ ತೋಳುಗಳನ್ನು ಸೇರುತ್ತಾನೆ. ಆದರೆ ಬರಗಾಲ ಬಂದಾಗ ಐಗುಪ್ತದಲ್ಲಿ ಕೂಡಿಸಿಟ್ಟ ಧಾನ್ಯವಿಲ್ಲ. ಒಂದರ ಹಿಂದೆ ಒಂದು ಜನಾಂಗವು ಕೆಡುತ್ತಾ ಬಂದು, ಕಡೆಗೆ ಮನುಷ್ಯಕುಲವೇ ಅಳಿದುಹೋಗುತ್ತದೆ. ಒಬ್ಬ ಬಾಲಕನ ಕಣ್ಣೀರನ್ನು ಒರೆಸಲು ಹೋದವನು ಮಾಡಿದ ಕೆಲಸವಿದು.

ಹೇಲರ ಕಥೆಯಲ್ಲಿ ಇದ್ದದ್ದು ಇಬ್ಬರೊಳಗಿನ ವಾದ. ಮುಂದಿನ ಶತಮಾನದ ಕಥೆಗಾರರು ಅದನ್ನು ಎರಡು ಸೈನ್ಯಗಳ ಯುದ್ಧವಾಗಿ ಬೆಳೆಸಿದರು. 1938ರಲ್ಲಿ ಜ್ಯಾಕ್ ವಿಲಿಯಮ್‌ಸನ್ ಎಂಬ ಅಮೇರಿಕದ ಲೇಖಕರು ‘ದಿ ಲೀಜನ್ ಆಫ್ ಟೈಮ್’ ಎಂಬ ಕಥೆಯನ್ನು ಒಂದು ಮಾಸಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಬರೆದರು. ಅದರಲ್ಲಿ ಇನ್ನೂ ಹುಟ್ಟದಿರುವ ಎರಡು ರಾಜ್ಯಗಳಿವೆ: ಜೋನ್‌ಬಾರ್ ಎಂಬದು ಸುಖದ ನಾಡು, ಗಿರೋಂಕಿ ಎಂಬದು ಕ್ರೂರ ರಾಣಿಯೊಬ್ಬಳ ನಾಡು. ಎರಡರಲ್ಲಿ ಒಂದು ಮಾತ್ರ ಹುಟ್ಟಬಲ್ಲದು. ಯಾವದು ಹುಟ್ಟುವದೆಂಬದು ಅಮೇರಿಕದ ಹಳ್ಳಿಯ ಬಡ ಹುಡುಗನೊಬ್ಬನು ಒಂದು ದಿನ ನೆಲದಿಂದ ಏನನ್ನು ಎತ್ತಿಕೊಳ್ಳುವನೆಂಬದನ್ನು ಹೊಂದಿಕೊಂಡಿದೆ. ತುಕ್ಕು ಹಿಡಿದ ಅಯಸ್ಕಾಂತದ ತುಂಡನ್ನು ಎತ್ತಿಕೊಂಡರೆ ಅವನಿಗೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿ ಲೋಕಕ್ಕೆ ಉಪಕಾರವಾಗುವದು. ಬರಿಯ ಕಲ್ಲನ್ನು ಎತ್ತಿಕೊಂಡರೆ ಅವನ ಬಾಳು ವ್ಯರ್ಥವಾಗಿ ಆ ಕ್ರೂರ ರಾಜ್ಯವು ಹುಟ್ಟುವದು. ಒಂದು ಪಕ್ಷದವರು ಅಯಸ್ಕಾಂತವನ್ನು ಕದ್ದು ಕಲ್ಲನ್ನು ಇಡುತ್ತಾರೆ. ಇನ್ನೊಂದು ಪಕ್ಷದವರು ಪ್ರಾಣದ ಹಂಗನ್ನು ತೊರೆದು ಅದನ್ನು ತಿರುಗಿ ಅದರ ಸ್ಥಳದಲ್ಲಿಡಲು ಹೋಗುತ್ತಾರೆ.

ಉಪಾಧ್ಯಾಯರಿಗೆ ಈ ಕಥೆಯು ಭಯವನ್ನೂ ಧೈರ್ಯವನ್ನೂ ಒಟ್ಟಿಗೆ ಕೊಡುತ್ತದೆ. ನಾವು ದಿನವೂ ಮಕ್ಕಳ ಕೈಗೆ ಏನನ್ನಾದರೂ ಕೊಡುತ್ತಲೇ ಇರುತ್ತೇವೆ. ಅದು ಕಲ್ಲೋ ಅಯಸ್ಕಾಂತವೋ ಆ ದಿನ ನಮಗೆ ಗೊತ್ತಾಗುವದಿಲ್ಲ.

ಪೌಲ್ ಆಂಡರ್‌ಸನ್ ಎಂಬವರು 1955ರಲ್ಲಿ ಪ್ರಕಟಿಸಿದ ‘ಡೆಲೆಂಡಾ ಎಸ್ಟ್’ ಎಂಬ ಕಥೆಯು ನಿಜವಾದ ಚರಿತ್ರೆಯನ್ನೇ ಹಿಡಿದುಕೊಳ್ಳುತ್ತದೆ. ಕ್ರಿ. ಪೂ. 218ರಲ್ಲಿ ಟಿಕಿನಸ್ ನದಿಯ ಬಳಿಯಲ್ಲಿ ಕಾರ್ಥೇಜಿನ ಹ್ಯಾನಿಬಲನು ರೋಮಿನವರನ್ನು ಸೋಲಿಸಿದನು. ಅಲ್ಲಿ ಗಾಯಪಟ್ಟ ಸಿಪಿಯೋ ಎಂಬ ರೋಮನ್ ಸೇನಾಪತಿಯನ್ನು ಹರೆಯದ ಮಗನು ಕಾಪಾಡಿದನೆಂದು ಪೊಲಿಬಿಯಸನು ಬರೆದಿದ್ದಾನೆ. ಆ ಮಗನೇ ಕ್ರಿ. ಪೂ. 202ರಲ್ಲಿ ಜಾಮಾ ಎಂಬಲ್ಲಿ ಹ್ಯಾನಿಬಲನನ್ನು ಸೋಲಿಸಿದನು. ಕಥೆಯಲ್ಲಿ ಕಾಲದ ದರೋಡೆಗಾರರು ಟಿಕಿನಸಿಗೆ ಹೋಗಿ ತಂದೆ ಮಗ ಇಬ್ಬರನ್ನೂ ಕೊಂದುಬಿಡುತ್ತಾರೆ. ರೋಮ್ ಅಳಿಯುತ್ತದೆ, ನಾವು ಬಲ್ಲ ಯೂರೋಪು ಹುಟ್ಟುವದೇ ಇಲ್ಲ. ಕಾಲದ ಕಾವಲುಗಾರನಾದ ಎವರಾರ್ಡನು ಹಿಂದಿನದನ್ನು ಸರಿಪಡಿಸಬೇಕು. ಆದರೆ ಆ ಹೊಸ ಲೋಕದಲ್ಲಿಯೂ ಮನೆಮಾರು ಕಟ್ಟಿಕೊಂಡು, ಮಕ್ಕಳನ್ನು ಸಾಕುತ್ತಿರುವ ಅಸಂಖ್ಯ ಜನರಿದ್ದಾರೆ. ಚರಿತ್ರೆಯನ್ನು ಸರಿಪಡಿಸಿದ ಕ್ಷಣದಲ್ಲಿ ಅವರು ಎಂದೂ ಇರಲಿಲ್ಲವೆಂಬಂತಾಗುವರು. ಎವರಾರ್ಡನು ಅದನ್ನು ಬಲ್ಲನು. ಬಲ್ಲವನಾಗಿಯೇ ಆ ಕೆಲಸವನ್ನು ಮಾಡುತ್ತಾನೆ. ಕಾವಲುಗಾರರೊಂದಿಗೆ ಹೊರಟುಬಂದ ಡೀರ್ಡ್ರೆ ಎಂಬ ಸ್ತ್ರೀಯು ತನ್ನ ಲೋಕವನ್ನು ಕಳಕೊಂಡು ಉಳಿಯುತ್ತಾಳೆ.

ಇಲ್ಲಿ ಓದುಗರು ಸ್ವಲ್ಪ ನಿಲ್ಲತಕ್ಕದ್ದು. ಈ ಕಾವಲುಪಡೆಯನ್ನು ಸ್ಥಾಪಿಸಿದವರು ಬಹು ದೂರದ ಮುಂದಿನ ಕಾಲದ ಮನುಷ್ಯರು. ಅವರು ಕಳೆದ ಕಾಲವನ್ನು ಕಾಯುವದು ಯಾತಕ್ಕೆ? ಅದು ಬದಲಾದರೆ ತಾವೇ ಹುಟ್ಟುವದಿಲ್ಲವಾದ್ದರಿಂದ. ಹಾಗಾದರೆ ಕಾಯುವವನೂ ಕೆಡಿಸುವವನಂತೆಯೇ ತನ್ನ ಲಾಭಕ್ಕಾಗಿ ಕಾದಾಡುತ್ತಾನಲ್ಲವೇ? ಫ್ರಿಟ್ಸ್ ಲೈಬರರು 1958ರಲ್ಲಿ ಬರೆದ ‘ದಿ ಬಿಗ್ ಟೈಮ್’ ಎಂಬ ಕಾದಂಬರಿಯು ಈ ಸಂಶಯವನ್ನು ಕಡೆಯ ವರೆಗೂ ಒಯ್ಯುತ್ತದೆ. ಅದರಲ್ಲಿ ಜೇಡಗಳು, ಸರ್ಪಗಳು ಎಂಬ ಹೆಸರಿನ ಎರಡು ಪಕ್ಷಗಳು ಎಲ್ಲಾ ಕಾಲಗಳಲ್ಲಿಯೂ ಯುದ್ಧ ನಡಿಸುತ್ತವೆ. ಯುದ್ಧಭೂಮಿಯಿಂದ ಬಳಲಿ ಬರುವ ಸಿಪಾಯಿಗಳನ್ನು ಉಪಚರಿಸುವ ಗ್ರೆಟಾ ಎಂಬ ಸ್ತ್ರೀಯು ಕಥೆಯನ್ನು ಹೇಳುತ್ತಾಳೆ. ತಮ್ಮ ನಾಯಕರು ಯಾರು, ಯುದ್ಧದ ಉದ್ದೇಶವೇನು ಎಂಬದು ಆ ಸಿಪಾಯಿಗಳಿಗೇ ತಿಳಿಯದು. ತಿದ್ದಿ ತಿದ್ದಿ ಯಾವದು ಮೊದಲಿನ ಚರಿತ್ರೆಯಾಗಿತ್ತೆಂಬದೂ ಅವರಿಗೆ ಮರೆತುಹೋಗುತ್ತಾ ಬರುತ್ತದೆ.

ಈ ಕಥೆಗಳನ್ನು ಓದಿದ ಮೇಲೆ, ‘ಆದದ್ದೆಲ್ಲಾ ಒಳ್ಳೆಯದಕ್ಕೇ ಆಯಿತು’ ಎಂದು ಹೇಳಿ ಪುಸ್ತಕವನ್ನು ಮುಚ್ಚುವದು ಸುಲಭ. ನಾವು ಹಾಗೆ ಕಲಿಸಲಾರೆವು. ಯೋಸೇಫನ ಬಾಳು ಒಳ್ಳೆಯದರಲ್ಲಿ ಮುಗಿದ ಮಾತ್ರಕ್ಕೆ ತಮ್ಮನನ್ನು ಮಾರಿದ್ದು ಒಳ್ಳೆಯ ಕೆಲಸವಾಗಲಿಲ್ಲ. ಇದನ್ನು ನಮಗೆ ಚೆನ್ನಾಗಿ ಕಲಿಸಿದವಳು ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿ. ಅವಳ ಅಪ್ಪಣೆಯನ್ನು ಪಡೆದು, ಹೆಸರನ್ನು ಹೇಳದೆ ಬರೆಯುತ್ತೇವೆ.

ನಾವು ಉಪಾಧ್ಯಾಯಿನಿಯಾಗಿ ಸೇರಿದ ಹೊಸತರಲ್ಲಿ ಅವಳು ಒಂಭತ್ತನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಅವಳಿಗೆ ಸಮಾನರಿರಲಿಲ್ಲ. ಮದುವೆ ಗೊತ್ತಾಯಿತೆಂದು ತಂದೆಯು ಬಂದು ವರ್ಗಾವಣೆ ಪತ್ರವನ್ನು ಕೇಳಿದರು. ತರಗತಿಯ ಟೀಚರಾಗಿದ್ದ ನಾವು ಹಾಜರಿ ಪುಸ್ತಕವನ್ನು ನೋಡಿ ದಿನಗಳನ್ನು ಎಣಿಸಿ ಬರೆದುಕೊಟ್ಟೆವು. ಹುಡುಗಿಯು ಬಾಗಿಲ ಬಳಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದಳು. ನಾವು ಒಂದು ಮಾತನ್ನೂ ಆಡಲಿಲ್ಲ. ಕಾಲಯಂತ್ರವಿದ್ದರೆ ನಾವು ಹೋಗುವದು ಟಿಕಿನಸ್ ನದಿಗಲ್ಲ, ಆ ಬಾಗಿಲಿಗೆ.

ಕೆಲವು ವರ್ಷಗಳ ಹಿಂದೆ ಅವಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ನಾವು ಅವಳ ಕ್ಷಮೆಯನ್ನು ಕೇಳಿದೆವು. ಅವಳು ಮಗಳ ತಲೆಯ ಮೇಲೆ ಕೈಯಿಟ್ಟು, “ಆ ದಿನವನ್ನು ಅಳಿಸಿದರೆ ಇವಳೂ ಅಳಿಸಿಹೋಗುತ್ತಾಳೆ, ಟೀಚರ್. ಅದು ನನಗೆ ಬೇಡ,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ನೀವು ಒಂದು ಮಾತು ಆಡಬೇಕಾಗಿತ್ತು,” ಎಂದಳು. ಎರಡೂ ಮಾತುಗಳು ಸತ್ಯ. ಒಂದು ಇನ್ನೊಂದನ್ನು ಸುಳ್ಳಾಗಿಸುವದಿಲ್ಲ.

ಆ ದಿನವನ್ನು ನಾವು ತಿದ್ದಲಾರೆವಾದರೂ ಅದರ ಮುಂದಿನ ದಿನಗಳು ನಮ್ಮ ಕೈಯಲ್ಲಿದ್ದವು. ಅವಳು ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ಹಾಕಿದಳು. ಸಾಯಂಕಾಲಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕೂತು ಓದಿದಳು. ಇಂಗ್ಲಿಷಿನಲ್ಲಿ ಒಂದು ಸಲ ತಪ್ಪಿ, ಎರಡನೆಯ ಸಲ ತೇರ್ಗಡೆಯಾದಳು. ಲೆಕ್ಕದಲ್ಲಿ ಬಂದ ಅಂಕಗಳನ್ನು ಅವಳ ಮಗಳು ಇಂದಿಗೂ ಎಲ್ಲರಿಗೂ ಹೇಳುತ್ತಾಳೆ. ಅಂದಿನಿಂದ ಇಂಥ ಪತ್ರವನ್ನು ಕೇಳಿ ಯಾರು ಬಂದರೂ ನಾವು ಮೊದಲು ಕುರ್ಚಿ ಕೊಟ್ಟು ಕೂರಿಸುತ್ತೇವೆ; ಹುಡುಗಿಯನ್ನೂ ಕರಿಸಿ, ಅವಳ ಮನಸ್ಸನ್ನು ಅವಳ ಬಾಯಿಂದಲೇ ಕೇಳುತ್ತೇವೆ. ಕಾನೂನು ಏನನ್ನುತ್ತದೆಂಬದನ್ನೂ ತಿಳಿಸುತ್ತೇವೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯ್ತಂದೆಗಳೇ, ಮನೆಯಲ್ಲಿ ಮಕ್ಕಳೊಂದಿಗೆ ಕೂತು ಆಲೋಚಿಸಲು ಮೂರು ಪ್ರಶ್ನೆಗಳನ್ನು ಕೊಟ್ಟು ಪಾಠವನ್ನು ಮುಗಿಸುತ್ತೇವೆ.

1. ಹೇಲರ ಕಥೆಯ ಆತ್ಮವು ಮಾಡಿದ್ದು ದಯೆಯ ಕೆಲಸವೇ? ಅದು ಕೆಟ್ಟದರಲ್ಲಿ ಮುಗಿದದ್ದರಿಂದ ದಯೆಯೇ ತಪ್ಪಾಯಿತೇ?

2. ಎವರಾರ್ಡನ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುವಿರಿ? ಡೀರ್ಡ್ರೆಯ ಸ್ಥಾನದಲ್ಲಿದ್ದರೆ ಅವನಿಗೆ ಏನು ಹೇಳುವಿರಿ?

3. ಇಂದಿನ ದಿನವು ನಾಳೆ ಕಳೆದ ಕಾಲವಾಗುವದು. ಇಪ್ಪತ್ತು ವರ್ಷಗಳ ತರುವಾಯ ತಿದ್ದಬೇಕೆಂದು ನಿಮಗೆ ತೋರಬಹುದಾದ ಯಾವ ಕೆಲಸವು ಈ ಹೊತ್ತು ನಿಮ್ಮ ಮುಂದಿದೆ?

ಮೂರನೆಯದಕ್ಕೆ ಉತ್ತರವನ್ನು ಬರೆದು ಕಳುಹಿಸಬೇಕಾಗಿಲ್ಲ, ಮಾಡಿದರೆ ಸಾಕು.