ಒಂದೇ ಗಿರಣಿ ಸಾಕು, ಪುಟ್ಟಾ

ಅಪ್ಪ ಅಮ್ಮ ಬಂದಾಗ ಸುತ್ತಿಸಲು ನೀನು ಹಾಕಿಟ್ಟ ಪಟ್ಟಿಯನ್ನು ನಿಮ್ಮಮ್ಮ ಫೋನಿನಲ್ಲಿ ಓದಿ ಹೇಳಿದಳು. ಬೆಳಿಗ್ಗೆ ಝಾನ್ಸೆ ಸ್ಕಾನ್ಸ್, ಮಧ್ಯಾಹ್ನ ವೊಲೆಂಡಾಮ್, ಅಲ್ಲಿಂದ ದೋಣಿಯಲ್ಲಿ ಮಾರ್ಕೆನ್, ಸಂಜೆಯೊಳಗೆ ಎಡಾಮ್. ಇದು ಪ್ರವಾಸವೋ, ಎಲೆಕ್ಷನ್ ಪ್ರಚಾರವೋ? ಮೊಮ್ಮಗುವನ್ನು ನೋಡಿಕೊಳ್ಳಲು ನಾನು ಆಮ್‌ಸ್ಟರ್‌ಡಾಮಿನಲ್ಲಿದ್ದಾಗ ನಿಮ್ಮಣ್ಣನೂ ಹೀಗೇ ಓಡಿಸಿದ. ಅವತ್ತು ನಾನು ಚೆನ್ನಾಗಿ ನೋಡಿದ್ದು ಬಸ್ಸಿನ ಕಿಟಕಿ.

ನನ್ನ ಮಾತು ಕೇಳು, ಗಾಳಿಗಿರಣಿಗಳ ಆ ಝಾನ್ಸೆ ಸ್ಕಾನ್ಸ್ ಒಂದನ್ನೇ ಇಟ್ಟುಕೋ. ಆಮ್‌ಸ್ಟರ್‌ಡಾಮ್ ಸೆಂಟ್ರಲ್ ಸ್ಟೇಷನ್ನಿನಿಂದ ಝಾನ್‌ಡೈಕ್‌ಗೆ ರೈಲಿನಲ್ಲಿ 20 ನಿಮಿಷವೂ ಬೇಡ. ಆಮೇಲೆ ಕಾಲು ಗಂಟೆ ನಡಿಗೆ. ಅಮ್ಮನ ಮಂಡಿಗೆ ಅರ್ಧ ಗಂಟೆ ಅಂತ ಲೆಕ್ಕ ಹಾಕು. ಹತ್ತು ಗಂಟೆಗೆ ಮುಂಚೆ ತಲುಪಿಬಿಡಿ, ಆಮೇಲೆ ಟೂರಿಸ್ಟ್ ಬಸ್ಸುಗಳ ಜಾತ್ರೆ.

ಅಪ್ಪನಿಗೆ ಒಂದು ವಿಷಯ ಮೊದಲೇ ಹೇಳಿಬಿಡು. ಅದು ಅಲ್ಲೇ ಹುಟ್ಟಿ ಬೆಳೆದ ಹಳ್ಳಿಯಲ್ಲ. 1961ರಿಂದ ಆಚೆಗೆ ಝಾನ್ ಸೀಮೆಯ ಹಳೇ ಮರದ ಮನೆಗಳನ್ನು ಒಂದೊಂದಾಗಿ ತಂದು ಕೂಡಿಸಿದ್ದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಬಿಚ್ಚಿ ತಂದು ಕಟ್ಟಿದರಲ್ಲ, ಹಾಗೆ ಅನ್ನು. ಇಲ್ಲದಿದ್ದರೆ 'ಡೂಪ್ಲಿಕೇಟು' ಅಂತ ಮುಖ ಸಿಂಡರಿಸಿಕೊಂಡೇ ತಿರುಗುತ್ತಾರೆ. ಆ ಮನೆಗಳಲ್ಲಿ ಸಂಸಾರಗಳೂ ಇವೆ. ಕಿಟಕಿಗೆ ಮೂಗು ಒತ್ತಬೇಡಿ.

ಗಾಳಿಗಿರಣಿ ಅಂದರೆ ನೀರೆತ್ತುವುದು ಅಂತಲೇ ನಾನೂ ತಿಳಿದಿದ್ದೆ. ಅಂಥವು ರಾಟರ್‌ಡಾಮ್ ಹತ್ತಿರದ ಕಿಂಡರ್‌ಡೈಕ್‌ನಲ್ಲಿವೆ, ಸಾಲಾಗಿ 19. ಅದಕ್ಕೆ ಬೇರೆ ದಿನವೇ ಬೇಕು. ಝಾನ್ ಹೊಳೆಯ ದಡದವು ಕಾರ್ಖಾನೆಗಳು. ಮರ ಕೊಯ್ಯಲು, ಬಣ್ಣ ಅರೆಯಲು, ಕಾಗದ ಮಾಡಲು ಅಂತ ಒಂದು ಕಾಲದಲ್ಲಿ ಆ ಸೀಮೆಯಲ್ಲಿ ಸುಮಾರು 600 ತಿರುಗುತ್ತಿದ್ದವಂತೆ.

ನೀನು ಅವರನ್ನು 'ಡಿ ಝೂಕರ್' ಅನ್ನುವ ಎಣ್ಣೆ ಗಿರಣಿಯೊಳಕ್ಕೆ ಕರೆದುಕೊಂಡು ಹೋಗು. ಎರಡು ದೊಡ್ಡ ಕಲ್ಲುಗಳು ಬಂಡಿಯ ಗಾಲಿಯ ಹಾಗೆ ನಿಂತುಕೊಂಡೇ ಉರುಳಿ ಬೀಜ ಅರೆಯುತ್ತವೆ. ಅರೆದದ್ದನ್ನು ಒಲೆಯ ಮೇಲೆ ಬಿಸಿಮಾಡಿ ಚೀಲಕ್ಕೆ ತುಂಬುತ್ತಾರೆ. ಆಮೇಲೆ ಮೇಲಿನಿಂದ ಮರದ ಕೊರಡು ಧಡ್ ಧಡ್ ಅಂತ ಬೆಣೆಯ ಮೇಲೆ ಬೀಳುತ್ತದೆ, ಎಣ್ಣೆ ಒಸರುತ್ತದೆ. ನಮ್ಮ ತಾತನ ಗಾಣಕ್ಕೆ ಎತ್ತು, ಇದಕ್ಕೆ ಗಾಳಿ. ವಾಸನೆ ಮಾತ್ರ ಅದೇ. ಎಳ್ಳು ಹಿಂಡಿ ಕದ್ದು ಬೆಲ್ಲದ ಜೊತೆ ತಿಂದವರು ನಾನೂ ನಿಮ್ಮಮ್ಮನೂ. ಅವಳು ಆ ಗಿರಣಿಯಲ್ಲಿ ಸುಮ್ಮನೆ ನಿಂತುಬಿಟ್ಟರೆ ಅವಸರ ಮಾಡಬೇಡ. ಒಳಗಿನ ಏಣಿ ಅಟ್ಟದ ಏಣಿಗಿಂತ ಕಡಿದು, ಅವಳನ್ನು ಹತ್ತಿಸಬೇಡ.

ಗಾಳಿ ನಿಂತ ದಿನ ಹೋದರೆ ರೆಕ್ಕೆಯೂ ನಿಂತಿರುತ್ತದೆ. ಅಂಥ ದಿನ ಮಾರ್ಕೆನ್ ನೋಡಿ. 1957ರಲ್ಲಿ ಏರಿ ರಸ್ತೆ ಆಗುವ ತನಕ ಅದು ದ್ವೀಪ.

ಝಾನ್ಸೆ ಸ್ಕಾನ್ಸ್‌ನ ಚೀಸ್ ಅಂಗಡಿಯಲ್ಲಿ ರುಚಿಗೆ ತುಂಡು ಕೊಡುತ್ತಾರೆ. ಅಲ್ಲಿನ ಹಳೇ ಪದ್ಧತಿಯ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಸಸ್ಯಾಹಾರದ್ದೇ ಅಂತ ಕೇಳಿಕೊಂಡು ಆಮೇಲೆ ಅಮ್ಮನ ಕೈಗೆ ಕೊಡು, ತಿಂದ ಮೇಲೆ ಹೇಳಬೇಡ. ಚಪಾತಿ ಕಟ್ಟಿಕೊಂಡೇ ಹೊರಡಿ. ಮಾವಿನಮಿಡಿ ಉಪ್ಪಿನಕಾಯಿ ಅವಳ ಸೂಟ್‌ಕೇಸಿನಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದೇನೆ.