ಟರ್ನ್ ಧುಮುಕುವ ಮುನ್ನ ಕ್ಯಾಮೆರಾ ಸಿದ್ಧವಿರಲಿ

ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿಗೆ ಹೋದರೆ ಕಾವೇರಿಯ ಬಂಡೆಗಳ ಮೇಲೆ ರಿವರ್ ಟರ್ನ್‌ಗಳು ಕಾಣಸಿಗುತ್ತವೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಕೂತಿರುವಾಗ ಯಾರ ಕ್ಯಾಮೆರಾಕ್ಕೂ ಒಲಿಯುವ ಹಕ್ಕಿ. ಹಾರಿತೋ, ಫ್ರೇಮ್ ತುಂಬ ಬರೀ ನೀರು. ಅಲುಗಾಡುವ ದೋಣಿಯಲ್ಲಿ ಟ್ರೈಪಾಡ್ ಊರಿ ಪ್ರಯೋಜನವಿಲ್ಲ, ಕೈಯಲ್ಲೇ ಹಿಡಿದು ತೆಗೆಯಬೇಕು. ಅದಕ್ಕೆ ದುಬಾರಿ ಲೆನ್ಸ್‌ಗಿಂತ ಮುಂಚಿತ ತಯಾರಿ ಮುಖ್ಯ.

ದೋಣಿ ಹತ್ತುವ ಮೊದಲೇ

ಸೆಟ್ಟಿಂಗ್‌ಗಳನ್ನು ದಡದಲ್ಲೇ ಮುಗಿಸಿಕೊಳ್ಳಿ. ಮ್ಯಾನ್ಯುವಲ್ ಮೋಡ್, ಶಟರ್ ವೇಗ 1/3200 ಸೆಕೆಂಡ್, ಅಪರ್ಚರ್ ಎಫ್ 5.6 ಅಥವಾ 6.3, ಐಎಸ್ಒ ಆಟೊ. ಐಎಸ್ಒ 3200ಕ್ಕೆ ಏರಿದರೂ ಗಾಬರಿ ಬೇಡ. ಚಿತ್ರದ ಕಾಳುಕಾಳನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಗ್ಗಿಸಬಹುದು, ಅದುರಿದ ರೆಕ್ಕೆಯನ್ನು ಸರಿಪಡಿಸಲಾಗದು. ಕಪ್ಪು ನೀರಿನ ಎದುರು ಬಿಳಿ ಹಕ್ಕಿಯಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 0.7ರ ಆಸುಪಾಸಿಗೆ ಇಳಿಸಿ, ಇಲ್ಲವಾದರೆ ಗರಿಗಳ ವಿವರವೇ ಸುಟ್ಟುಹೋಗುತ್ತದೆ. ಹಿನ್ನೆಲೆ ಬೆಳ್ಳಗಿನ ಆಕಾಶವಾದರೆ ಪ್ಲಸ್ 1ರವರೆಗೆ ಏರಿಸಿ.

ಫೋಕಸ್ ನಿರಂತರ ಹಿಂಬಾಲಿಸುವ ಮೋಡ್‌ನಲ್ಲಿರಲಿ: ಕೆನಾನ್‌ನಲ್ಲಿ ‘ಸರ್ವೋ’, ನಿಕಾನ್ ಮತ್ತು ಸೋನಿಯಲ್ಲಿ ‘ಎಎಫ್-ಸಿ’. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಆನ್ ಮಾಡಿ. ಹಳೆಯ ಡಿಎಸ್ಎಲ್ಆರ್ ಆದರೆ ನಡುಬಿಂದುವಿನ ಜೊತೆಗೆ ಅದರ ಸುತ್ತಲಿನ ಗುಂಪನ್ನೂ ಆರಿಸಿಕೊಳ್ಳಿ. ಲೆನ್ಸಿನ ಪಕ್ಕದಲ್ಲಿರುವ ಫೋಕಸ್ ಲಿಮಿಟ್ ಸ್ವಿಚ್ಚನ್ನು ಬಹಳ ಜನ ಮುಟ್ಟುವುದೇ ಇಲ್ಲ. ಅದನ್ನು ದೂರದ ವ್ಯಾಪ್ತಿಗೆ ಇಟ್ಟರೆ ಲೆನ್ಸ್ ಹತ್ತಿರದಲ್ಲಿ ತಡಕಾಡುವುದು ತಪ್ಪುತ್ತದೆ.

ಹಿಡಿಯುವ ಬಗೆ

ಎರಡು ಕಿಲೋ ತೂಗುವ ಜೂಮ್ ಲೆನ್ಸನ್ನು ಬೆರಳಲ್ಲಿ ಹಿಡಿದರೆ ಐದೇ ನಿಮಿಷಕ್ಕೆ ಕೈ ಸೋಲುತ್ತದೆ. ಎಳೆಗೂಸಿನ ತಲೆಗೆ ಆಸರೆ ಕೊಡುವಂತೆ ಎಡ ಅಂಗೈಯನ್ನು ಲೆನ್ಸಿನ ಕೆಳಗೆ ಕೊಡಿ. ಮೊಣಕೈಗಳು ಪಕ್ಕೆಗೆ ಒತ್ತಿರಲಿ. ದೋಣಿಯ ಅಂಚಿಗೆ ಮಾತ್ರ ಊರಬೇಡಿ, ಹುಟ್ಟಿನ ಪ್ರತಿ ಎಳೆತದ ಅಲುಗಾಟ ನೇರ ಲೆನ್ಸಿಗೆ ದಾಟುತ್ತದೆ. ಕ್ಯಾಮೆರಾ ತಿರುಗಬೇಕಾದಾಗ ತೋಳಿನಿಂದಲ್ಲ, ಸೊಂಟದಿಂದ ತಿರುಗಿ.

ಹಕ್ಕಿಯನ್ನು ಹುಡುಕುವುದು

ನಿಜವಾದ ಕಷ್ಟ ಇರುವುದು ಇಲ್ಲಿ. 600 ಎಂಎಂನಲ್ಲಿ ಜಗತ್ತು ಕಿರಿದು, ಹಕ್ಕಿ ಸಿಗುವಷ್ಟರಲ್ಲಿ ದಾಟಿಹೋಗಿರುತ್ತದೆ. ಮೊದಲು ಜೂಮನ್ನು 200–300 ಎಂಎಂಗೆ ಇಳಿಸಿ. ಹಕ್ಕಿಯ ಮೇಲಿನ ನೋಟ ಕದಲಿಸದೆ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ವ್ಯೂಫೈಂಡರ್‌ನಲ್ಲಿ ಸಿಕ್ಕಮೇಲೆ ನಿಧಾನಕ್ಕೆ ಜೂಮ್ ಏರಿಸಿ. ಅದು ದೂರದಲ್ಲಿರುವಾಗಲೇ ಹಿಂಬಾಲಿಸತೊಡಗಿದರೆ ಹತ್ತಿರ ಬರುವ ಹೊತ್ತಿಗೆ ಫೋಕಸ್ ಕೂತಿರುತ್ತದೆ.

ಇನ್ನು ಗಾಳಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತವೆ, ಇಳಿಯುತ್ತವೆ. ಆದ್ದರಿಂದ ಗಾಳಿಯೂ ಬೆಳಗಿನ ಬಿಸಿಲೂ ನಿಮ್ಮ ಬೆನ್ನ ಹಿಂದಿದ್ದರೆ ಟರ್ನ್‌ನ ಮುಖ ಸಿಗುತ್ತದೆ. ಇದನ್ನು ದೋಣಿ ನಡೆಸುವವರಿಗೆ ಹೇಳಿ ನೋಡಿ, ಹೊಳೆಯ ಗಾಳಿ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲಿಗೇ ಧುಮುಕುವ ಚಿತ್ರಕ್ಕೆ ಕೈಹಾಕಬೇಡಿ. ಟರ್ನ್ ತಲೆ ಕೆಳಗೆ ಬಾಗಿಸಿ ನೀರು ನೋಡುತ್ತ ಹಾರುತ್ತದೆ, ಗಾಳಿಯಲ್ಲಿ ಅರೆಕ್ಷಣ ನಿಂತು ರೆಕ್ಕೆ ಮಡಚಿ ಬೀಳುತ್ತದೆ. ಆ ಅರೆಕ್ಷಣವೇ ನಿಮಗಿರುವ ಸೂಚನೆ. ಅದಕ್ಕಿಂತ ಸುಲಭದ್ದು, ನನ್ನ ಕಣ್ಣಿಗೆ ಹೆಚ್ಚು ಚೆಂದದ್ದೂ ಆದದ್ದು, ಗಂಡು ಮೀನು ತಂದು ಬಂಡೆಯ ಮೇಲಿನ ಹೆಣ್ಣಿಗೆ ಕೊಡುವ ಗಳಿಗೆ. ಕೂತ ಹೆಣ್ಣಿನ ಮೇಲೆ ಮೊದಲೇ ಫೋಕಸ್ ಮಾಡಿ, ಗಂಡು ಬರುವ ಕಡೆ ಫ್ರೇಮಿನಲ್ಲಿ ಜಾಗ ಬಿಟ್ಟು ಕಾಯಿರಿ. ಆದರೆ ಬಂಡೆಗೆ ತೀರ ಹತ್ತಿರ ಹೋಗಿ ಎಂದು ದೋಣಿಯವರನ್ನು ಒತ್ತಾಯಿಸಬೇಡಿ. ಮೊಟ್ಟೆಗಳು ಬರಿಬಂಡೆಯ ಮೇಲಿರುತ್ತವೆ. ತಾಯಿ ಎದ್ದರೆ ಬಿಸಿಲಿಗೆ ಬೇಯುತ್ತವೆ. ಹಕ್ಕಿಗಳು ಕೂಗುತ್ತ ತಲೆಯ ಮೇಲೆ ಸುತ್ತತೊಡಗಿದರೆ ಕೂಡಲೇ ಹಿಂದೆ ಸರಿಯಿರಿ.

ಒತ್ತುವುದು

ಬಟನ್ ಅದುಮಿ ಹಿಡಿದರೆ ಬಫರ್ ತುಂಬಿ, ಬೇಕಾದ ಹೊತ್ತಿಗೆ ಕ್ಯಾಮೆರಾ ನಿಧಾನವಾಗುತ್ತದೆ. ಐದಾರು ಫ್ರೇಮುಗಳ ಚಿಕ್ಕ ಬರ್ಸ್ಟ್ ಸಾಕು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ರೆಕ್ಕೆ ಸೊಟ್ಟಗೆ ಕಂಡರೆ ಮೆಕ್ಯಾನಿಕಲ್‌ಗೆ ಬದಲಿಸಿ.

ಅಭ್ಯಾಸಕ್ಕೆ ನಿಮ್ಮೂರ ಕೆರೆಯ ಮೇಲೆ ಸುತ್ತುವ ಹದ್ದುಗಳೇ ಆದೀತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನ ಕಾಲಕ್ಕೆ ಹೆಜ್ಜಾರ್ಲೆಗಳು ಊರೊಳಗಿನ ಮರಗಳಿಗೇ ಬಂದಿಳಿಯುತ್ತವೆ. ದೊಡ್ಡ ಮೈ, ನಿಧಾನ ರೆಕ್ಕೆ. ಅಲ್ಲಿ 1/1600 ಸಾಕು.