ಐಇಎಲ್‌ಟಿಎಸ್: ಬ್ಯಾಂಡ್ ಲೆಕ್ಕ ತಿಳಿಯೋಣ



ನರ್ಸಿಂಗ್ ಕಲಿತ ಮಗಳನ್ನು ಇಂಗ್ಲೆಂಡಿಗೆ ಕಳಿಸಲು ಸಂಘದಲ್ಲಿ ಸಾಲ ಕೇಳುವ ಮೊದಲು ಇದನ್ನು ಓದಿ.

ಈ ಪರೀಕ್ಷೆಯಲ್ಲಿ ಪಾಸು-ಫೇಲು ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು – ನಾಲ್ಕಕ್ಕೂ 9ರವರೆಗೆ ಬ್ಯಾಂಡ್ ಕೊಡ್ತಾರೆ. ನಾಲ್ಕನ್ನೂ ಕೂಡಿಸಿ 4ರಿಂದ ಭಾಗಿಸಿದರೆ ಒಟ್ಟು ಬ್ಯಾಂಡ್. 6.25 ಬಂದರೆ 6.5 ಅಂತ ಹಿಡೀತಾರೆ.

ಒಬ್ಬಳಿಗೆ ಕ್ರಮವಾಗಿ 7.5, 7.5, 6, 7 ಬಂತು ಅನ್ನಿ. ಕೂಡಿಸಿದರೆ 28, ಒಟ್ಟು ಬ್ಯಾಂಡ್ 7. ಆದರೂ ಸಾಲದು! ಬ್ರಿಟನ್ನಿನ ನರ್ಸ್ ನೋಂದಣಿಗೆ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲೂ ತಲಾ 7 ಬೇಕು.

ಕೇಳುವ, ಓದುವ ಭಾಗಗಳಲ್ಲಿ ತಲಾ 40 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವುದನ್ನೂ ಖಾಲಿ ಬಿಡಬಾರದು.

“ಬ್ಯಾಂಡ್ ನಾವು ಕೊಡಿಸ್ತೇವೆ” ಅನ್ನುವವರ ಕೈಗೆ ಸಾಲದ ದುಡ್ಡು ಕೊಡಬೇಡಿ. ಆ ದುಡ್ಡು ಮಗಳ ಬರವಣಿಗೆಯ ಅಭ್ಯಾಸಕ್ಕೆ ಇರಲಿ.